ಯುಗಾದಿ ರಜೆಯ ಹಿಮಾಲಯ ಚಾರಣ: ವಸಂತಾರಂಭದ ಹಿಮವನ್ನೂ ಹಿಮಕುಸಿತದ ಅಪಾಯವನ್ನೂ ಅಳೆಯುವ ಬಗೆ

ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರು ಮಳೆಗಾಲದಿಂದ ಚಳಿಗಾಲದವರೆಗೆ ಸಿಂಹಗಡ, ರಾಜಗಡ, ಹರಿಶ್ಚಂದ್ರಗಡ ಎಂದು ಸಹ್ಯಾದ್ರಿಯಲ್ಲಿ ಕಾಲು ಪಳಗಿಸಿಕೊಂಡು, ಯುಗಾದಿಯ ಆಸುಪಾಸಿನಲ್ಲಿ ನಾಲ್ಕಾರು ದಿನ ರಜೆ ಕೂಡಿಬಂದರೆ ಉತ್ತರಾಖಂಡಕ್ಕೋ ಹಿಮಾಚಲಕ್ಕೋ ಹೊರಡುತ್ತೇವೆ. ಸಹ್ಯಾದ್ರಿ ನಮಗೆ ಬಹಳಷ್ಟನ್ನು ಕಲಿಸುತ್ತದೆ. ಆದರೆ ಅಲ್ಲಿ ಬೆಳಗಿನ ಆರಕ್ಕೆ ಕಾಲಿಟ್ಟ ಬಂಡೆ ಮಧ್ಯಾಹ್ನ ಒಂದಕ್ಕೂ ಅದೇ ಬಂಡೆ. ಮಾರ್ಚ್ ಕೊನೆಯ ಹಿಮಾಲಯದಲ್ಲಿ ಹಾಗಲ್ಲ. ಆರು ಗಂಟೆಗೆ ಬೂಟಿನ ಗುರುತೂ ಮೂಡದಷ್ಟು ಗಟ್ಟಿಯಾಗಿದ್ದ ಇಳಿಜಾರು ಹನ್ನೊಂದಕ್ಕೆ ಮೊಣಕಾಲುದ್ದ ಹೂತುಹೋಗುವಂತಾಗಿ, ಹನ್ನೆರಡೂವರೆಗೆ ತಾನೇ ಜಾರಿ ಕಣಿವೆಗೆ ಬೀಳಬಹುದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ದಾರಿಯಷ್ಟೇ ಗಡಿಯಾರವೂ ಮುಖ್ಯ.

ಪದದ ವಿಚಾರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗಳು ಆಕಾಶದಿಂದ ಹಿಮ ಬೀಳುವುದಕ್ಕೂ, ಬಿದ್ದ ಹಿಮ ಬೆಟ್ಟದಿಂದ ಜಾರಿಬರುವುದಕ್ಕೂ ‘ಹಿಮಪಾತ’ ಎಂದೇ ಬರೆಯುತ್ತವೆ. ಒಂದು ನೋಡಲು ಹೋಗುವಂಥದ್ದು, ಇನ್ನೊಂದು ಜೀವ ತೆಗೆಯುವಂಥದ್ದು. ಇಲ್ಲಿ ಎರಡನೆಯದನ್ನು ಉದ್ದಕ್ಕೂ ‘ಹಿಮಕುಸಿತ’ ಎಂದು ಕರೆದಿದ್ದೇನೆ.

ಮೊದಲನೆಯ ಹೆಜ್ಜೆ: ಚಪಾತಿ ಮಣೆಯ ಮೇಲೆ ಒಂದು ಕುಸಿತ

ಹಿಮಕುಸಿತ ಹೇಗಾಗುತ್ತದೆ ಎಂಬುದನ್ನು ಪುಣೆಯ ಅಡುಗೆಮನೆಯಲ್ಲೇ ಕಣ್ಣಾರೆ ಕಾಣಬಹುದು. ಅಗಲವಾದ ಮಣೆಯೊಂದರ ಮೇಲೆ ಮೈದಾ ಹಿಟ್ಟನ್ನು ಬೆರಳಿನಷ್ಟು ದಪ್ಪ ಹರಡಿ ಅಂಗೈಯಿಂದ ಒತ್ತಿರಿ. ಅದರ ಮೇಲೆ ದಪ್ಪ ಕಾಳಿನ ಸಕ್ಕರೆಯನ್ನು ತೆಳ್ಳಗೆ ಉದುರಿಸಿ, ಸಕ್ಕರೆಯ ಮೇಲೆ ಮತ್ತೆ ಎರಡು ಬೆರಳು ದಪ್ಪ ಹಿಟ್ಟು ಹಾಕಿ ಮೆಲ್ಲಗೆ ಒತ್ತಿರಿ. ಈಗ ಮಣೆಯ ಒಂದು ಬದಿಯನ್ನು ನಿಧಾನವಾಗಿ ಎತ್ತುತ್ತ ಹೋದರೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಮೇಲಿನ ಹಿಟ್ಟು ಅಡ್ಡಲಾಗಿ ಬಿರುಕು ಬಿಟ್ಟು, ಇಡೀ ಹಲಗೆಯಂತೆ ಒಂದೇ ಏಟಿಗೆ ಜಾರುತ್ತದೆ. ಪುಡಿಯಾಗಿ ಉದುರುವುದಿಲ್ಲ, ಹಲಗೆಯಾಗಿ ಜಾರುತ್ತದೆ ಎಂಬುದನ್ನು ಗಮನಿಸಬೇಕು. ನಮ್ಮ ಮನೆಯಲ್ಲಿ ಮೊದಲ ಸಲ ಇದನ್ನು ಮಾಡಿದಾಗ ಮೊಬೈಲಿನ ಕೋನಮಾಪಕ 37 ಡಿಗ್ರಿ ತೋರಿಸುತ್ತಿತ್ತು. ಅರ್ಧ ಕಿಲೋ ಮೈದಾ ನೆಲದ ಪಾಲಾದುದಕ್ಕೆ ಮನೆಯಾಕೆಯಿಂದ ಕೇಳಿಸಿಕೊಂಡ ಮಾತು ಬೇರೆ.

ಮೇಲಿನ ಹಿಟ್ಟಿಗೆ ಬೆಟ್ಟದಲ್ಲಿ ಇರುವ ಹೆಸರು ಸ್ಲ್ಯಾಬ್. ಮನೆ ಕಟ್ಟಿಸಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಡುವಿನ ಸಕ್ಕರೆಯೇ ದುರ್ಬಲ ಪದರ. ಚಳಿಗಾಲದ ಆರಂಭದಲ್ಲಿ ಹಿಮ ತೆಳ್ಳಗಿದ್ದು, ಆಕಾಶ ನಿಚ್ಚಳವಾಗಿ, ರಾತ್ರಿಗಳು ಕೊರೆಯುತ್ತಿದ್ದರೆ, ನೆಲದ ಬೆಚ್ಚಗಿನ ಪದರಕ್ಕೂ ಮೇಲಿನ ತಣ್ಣನೆಯ ಪದರಕ್ಕೂ ನಡುವೆ ಉಷ್ಣಾಂಶದ ವ್ಯತ್ಯಾಸ ಹೆಚ್ಚಿ, ಹಿಮದ ಹರಳುಗಳು ಒಂದಕ್ಕೊಂದು ಅಂಟದ ಸಕ್ಕರೆ ಕಾಳುಗಳಂತಾಗುತ್ತವೆ. ಬಿಸಿಲು ಕಡಿಮೆ ಬೀಳುವ ಉತ್ತರಾಭಿಮುಖ ಇಳಿಜಾರುಗಳಲ್ಲಿ ಈ ಪದರ ವಸಂತದವರೆಗೂ ಹೂತುಕೊಂಡೇ ಇರಬಲ್ಲದು. ಅದರ ಮೇಲೆ ಹೊಸ ಹಿಮದ ಭಾರ, ಗಾಳಿ ತಂದು ಪೇರಿಸಿದ ಹಿಮದ ಭಾರ, ಕೊನೆಗೆ ನಮ್ಮ ಭಾರ. ಸ್ಲ್ಯಾಬ್ ಕುಸಿತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು ತಾವೋ ತಮ್ಮ ಜೊತೆಗಾರರೋ ಮೆಟ್ಟಿ ಸಡಿಲಿಸಿದ ಹಿಮಕ್ಕೇ ಸಿಕ್ಕವರು.

ವಸಂತದಲ್ಲಿ ಇದರ ಜೊತೆಗೆ ಇನ್ನೊಂದು ಬಗೆ ಸೇರಿಕೊಳ್ಳುತ್ತದೆ, ಅದು ಒದ್ದೆ ಹಿಮದ ಕುಸಿತ. ಇದಕ್ಕೆ ಯಾರೂ ಮೆಟ್ಟಬೇಕೆಂದಿಲ್ಲ. ಹಿಮದ ರಾಶಿಯೆಲ್ಲ ಸೊನ್ನೆ ಡಿಗ್ರಿಗೆ ಬಂದು, ಕರಗಿದ ನೀರು ಒಳಗಿಳಿದು, ಹರಳುಗಳ ನಡುವಿನ ಬೆಸುಗೆ ಬಿಟ್ಟುಹೋದಾಗ ಅದು ತನ್ನ ತೂಕಕ್ಕೇ ಜಾರುತ್ತದೆ. ವೇಗ ಕಡಿಮೆ, ಭಾರ ಹೆಚ್ಚು. ನಿಂತ ಕೂಡಲೇ ಕಾಂಕ್ರೀಟಿನಂತೆ ಬಿಗಿದುಕೊಳ್ಳುತ್ತದೆ.

ಎರಡನೆಯ ಹೆಜ್ಜೆ: ಮೆಟ್ಟಿಲು ಅಳೆದು ನಕ್ಷೆ ಓದುವುದು

ಸ್ಲ್ಯಾಬ್ ಕುಸಿತಗಳಲ್ಲಿ ಬಹುಪಾಲು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಹುಟ್ಟುತ್ತವೆ. 38ರ ಆಸುಪಾಸಿನಲ್ಲಿ ಅತಿ ಹೆಚ್ಚು. 30 ಡಿಗ್ರಿ ಎಂದರೆ ಎಷ್ಟು ಎಂದು ಕೇಳಿದರೆ ನಮ್ಮ ಗುಂಪಿನಲ್ಲಿ ಹೆಚ್ಚಿನವರು ಅಂಗೈಯನ್ನು ಗೋಡೆಯಂತೆ ಎತ್ತಿ ಹಿಡಿಯುತ್ತಾರೆ. ನಿಮ್ಮ ಹೌಸಿಂಗ್ ಸೊಸೈಟಿಯ ಮೆಟ್ಟಿಲನ್ನು ಅಳೆದು ನೋಡಿ: ಆರು ಇಂಚು ಎತ್ತರ, ಹತ್ತು ಇಂಚು ಅಗಲ ಇದ್ದರೆ ಅದರ ಓರೆ ಸುಮಾರು 31 ಡಿಗ್ರಿ. ಏಳು ಇಂಚು ಎತ್ತರವಿದ್ದರೆ 35. ದಿನವೂ ಹಾಲಿನ ಚೀಲ ಹಿಡಿದು ಹತ್ತಿಳಿಯುವ ಮೆಟ್ಟಿಲಿನಷ್ಟೇ ಓರೆಯಾದ ಬಯಲು ಹಿಮಕುಸಿತದ ತವರು ಎಂಬುದು ಒಮ್ಮೆ ಮನಸ್ಸಿಗೆ ಹತ್ತಿದರೆ, ಬೆಟ್ಟದಲ್ಲಿ ‘ಇದೇನು ಮಹಾ ಕಡಿದಲ್ಲ’ ಎಂಬ ಮಾತು ಬಾಯಿಗೆ ಬರುವುದಿಲ್ಲ.

ಇದೇ ಲೆಕ್ಕವನ್ನು ನಕ್ಷೆಯ ಮೇಲೂ ಮಾಡಬಹುದು. 1:50,000 ಪ್ರಮಾಣದ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ನಡುವಿನ ಎತ್ತರದ ಅಂತರ 40 ಮೀಟರ್ ಇದ್ದರೆ, ಎರಡು ರೇಖೆಗಳ ನಡುವೆ ಸುಮಾರು 1.4 ಮಿಲಿಮೀಟರಿಗಿಂತ ಕಡಿಮೆ ಜಾಗವಿರುವಲ್ಲೆಲ್ಲ ಇಳಿಜಾರು 30 ಡಿಗ್ರಿ ದಾಟಿದೆ ಎಂದರ್ಥ. ಅಂತರ 20 ಮೀಟರ್ ಇದ್ದರೆ ಆ ಅಳತೆ 0.7 ಮಿಲಿಮೀಟರ್. ಇಳಿಜಾರಿಗೆ ಬಣ್ಣ ಹಾಕಿ ತೋರಿಸುವ ಮೊಬೈಲ್ ನಕ್ಷೆಗಳು ಈ ಕೆಲಸವನ್ನು ಹಗುರ ಮಾಡುತ್ತವೆ, ಆದರೆ ಚಿಕ್ಕ ದಿಬ್ಬಗಳನ್ನು ಅವು ನುಂಗಿಹಾಕುತ್ತವೆ. ಚಾರಣದ ದಾರಿಯನ್ನು ಗುರುತಿಸಿಕೊಂಡು, ಅದು 30 ಡಿಗ್ರಿಗೂ ಮೇಲ್ಪಟ್ಟ ಇಳಿಜಾರನ್ನು ಎಲ್ಲೆಲ್ಲಿ ಅಡ್ಡಹಾಯುತ್ತದೆ, ಅದಕ್ಕಿಂತ ಮುಖ್ಯವಾಗಿ ಎಲ್ಲೆಲ್ಲಿ ಅಂಥ ಇಳಿಜಾರಿನ ಬುಡದಲ್ಲಿ ಸಾಗುತ್ತದೆ ಎಂದು ಪೆನ್ಸಿಲಿನಲ್ಲಿ ಗೀಟು ಹಾಕಿರಿ.

ಬುಡದ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಸಮತಟ್ಟಾದ ಜಾಗ ತಾನಾಗಿಯೇ ಸುರಕ್ಷಿತವಲ್ಲ, ಮೇಲಿನಿಂದ ಜಾರಿದ್ದು ಬಂದು ನಿಲ್ಲುವುದು ಅಲ್ಲಿಯೇ. 2025ರ ಫೆಬ್ರವರಿ 28ರಂದು ಬದರೀನಾಥದ ಸಮೀಪದ ಮಾಣಾ ಗ್ರಾಮದ ಬಳಿ ಗಡಿ ರಸ್ತೆ ಕಾಮಗಾರಿಯ ಶಿಬಿರದ ಮೇಲೆ ಹಿಮಕುಸಿತವಾಗಿ 54 ಕಾರ್ಮಿಕರು ಸಿಕ್ಕಿಕೊಂಡರು, 8 ಮಂದಿ ತೀರಿಹೋದರು. ಅವರು ಬೆಟ್ಟ ಹತ್ತುತ್ತಿರಲಿಲ್ಲ, ಕಂಟೇನರ್ ಮನೆಗಳಲ್ಲಿದ್ದರು. 2023ರ ಏಪ್ರಿಲ್ 4ರಂದು ಸಿಕ್ಕಿಂನಲ್ಲಿ ಗ್ಯಾಂಗ್ಟಕ್‌ನಿಂದ ನಾಥು ಲಾಗೆ ಹೋಗುವ ರಸ್ತೆಯ ಪಕ್ಕದಲ್ಲೇ ಏಳು ಪ್ರವಾಸಿಗರು ಸತ್ತರು. 13ನೆಯ ಮೈಲಿಯವರೆಗೆ ಮಾತ್ರ ಅನುಮತಿಯಿದ್ದರೂ 15ನೆಯ ಮೈಲಿಯ ಹತ್ತಿರದವರೆಗೆ ಪ್ರವಾಸಿಗರು ಹೋಗಿದ್ದರು. ಟೆಂಟ್ ಹೊಡೆಯುವ ಜಾಗ, ಊಟಕ್ಕೆ ಕೂರುವ ಜಾಗ, ಜೀಪು ನಿಲ್ಲಿಸುವ ಜಾಗ ಎಲ್ಲಕ್ಕೂ ತಲೆಯೆತ್ತಿ ಮೇಲೆ ನೋಡಬೇಕು.

ಸಹ್ಯಾದ್ರಿಯ ಚಾರಣಿಗರ ನಾಲಿಗೆಯ ಮೇಲೆ ಓಡಾಡುವ ಎರಡು ಮರಾಠಿ ಮಾತುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ: ‘ಸೋಂಡ’ ಮತ್ತು ‘ನಳೀ’. ಸೋಂಡ ಎಂದರೆ ಬೆಟ್ಟದಿಂದ ಆನೆಯ ಸೊಂಡಿಲಿನಂತೆ ಇಳಿದುಬರುವ ಏಣು, ನಳೀ ಎಂದರೆ ಎರಡು ಗೋಡೆಗಳ ನಡುವಿನ ಕೊರಕಲು. ಹರಿಶ್ಚಂದ್ರಗಡದ ‘ನಳೀಚಿ ವಾಟ್’ ಹತ್ತಿದವರಿಗೆ ನಳೀ ಎಂದರೆ ನೇರವಾದ, ರೋಚಕವಾದ ದಾರಿ. ಹಿಮದಲ್ಲಿ ಆ ಅಭ್ಯಾಸವನ್ನು ತಲೆಕೆಳಗು ಮಾಡಿಕೊಳ್ಳಬೇಕು: ಸುತ್ತಾದರೂ ಸೋಂಡ ಹಿಡಿಯಿರಿ, ನಳೀ ಬಿಡಿ. ಕೊರಕಲಿಗೆ ಸಣ್ಣ ಕುಸಿತ ಬಂದರೂ ಹಿಮ ಹರಡಿಕೊಳ್ಳಲು ಜಾಗವಿಲ್ಲದೆ ಆಳವಾಗಿ ಪೇರಿಸಿಕೊಳ್ಳುತ್ತದೆ. ಏಣಿನ ಮೇಲೂ ಒಂದು ಎಚ್ಚರಿಕೆ ಬೇಕು. ಗಾಳಿ ಒಂದು ಬದಿಯ ಹಿಮವನ್ನು ಹೊತ್ತು ಇನ್ನೊಂದು ಬದಿಗೆ ಸುರಿಯುವಾಗ, ಅಂಚಿನಾಚೆ ಸೂರಿನಂತೆ ಚಾಚಿಕೊಂಡ ಹಿಮದ ತುಟಿ ಬೆಳೆಯುತ್ತದೆ. ಕಾರ್ನಿಸ್ ಎನ್ನುವುದು ಇದಕ್ಕೇ. ಫೋಟೋ ತೆಗೆಸಿಕೊಳ್ಳಲು ಅದರ ತುದಿಗೆ ಹೋಗುವವರ ಕಾಲಡಿ ನೆಲವೇ ಇರುವುದಿಲ್ಲ.

ಮೂರನೆಯ ಹೆಜ್ಜೆ: ಹೊರಡುವ ಮುನ್ನಿನ ವಾರ

ಪಶ್ಚಿಮ ಹಿಮಾಲಯಕ್ಕೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ವಾಯುಕ್ಷೋಭೆಗಳು. ಅವು ಮಾರ್ಚ್, ಏಪ್ರಿಲ್‌ನಲ್ಲೂ ಬರುತ್ತಲೇ ಇರುತ್ತವೆ. ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹೊರಡುವ ವಾರದ ಮೊದಲೇ ದಿನವೂ ಬರೆದಿಟ್ಟುಕೊಳ್ಳಿ. ಹಿಮಕುಸಿತದ ಎಚ್ಚರಿಕೆಯನ್ನು ಕೊಡುವುದು ರಕ್ಷಣಾ ಸಂಶೋಧನೆಗೆ ಸೇರಿದ ಡಿಜಿಆರ್‌ಇ ಎಂಬ ಸಂಸ್ಥೆ. ಚಂಡೀಗಢದಲ್ಲಿರುವ ಇದು, ಮೊದಲು ಈ ಕೆಲಸ ಮಾಡುತ್ತಿದ್ದ ‘ಸಾಸೆ’ಯನ್ನು ಒಳಗೊಂಡು ರೂಪುಗೊಂಡದ್ದು. ಜಿಲ್ಲೆ, ಎತ್ತರ, ಮುಂದಿನ 24 ಗಂಟೆ, ಅಪಾಯದ ಮಟ್ಟ ಇಷ್ಟನ್ನು ಅದು ತಿಳಿಸುತ್ತದೆ. ಜಿಲ್ಲೆಯ ಹೆಸರಿನಲ್ಲಿ ಬರುವುದರಿಂದ ನಿಮ್ಮ ಚಾರಣ ಉತ್ತರಕಾಶಿಯದೋ ಚಮೋಲಿಯದೋ ಕುಲ್ಲುವಿನದೋ ಎಂಬುದು ಗೊತ್ತಿರಬೇಕು. ಗುಂಪಿನಲ್ಲಿ ವಿಚಾರಿಸಿದರೆ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ಎಚ್ಚರಿಕೆ ಇಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ, ಅದು ಇಡೀ ಜಿಲ್ಲೆಯ ಮಾತು, ನಿಮ್ಮ ಇಳಿಜಾರಿನದಲ್ಲ.

ಒಂದು ದಿನದಲ್ಲಿ ಸುಮಾರು 30 ಸೆಂಟಿಮೀಟರ್ ಅಥವಾ ಹೆಚ್ಚು ಹಿಮ ಬಿದ್ದರೆ ಮುಂದಿನ ಎರಡು ದಿನ ಕಡಿದಾದ ಜಾಗಗಳ ಗೊಡವೆ ಬೇಡ. ವಸಂತದ ವಿಶೇಷ ಮೋಸವೆಂದರೆ ಹಿಮ ಬಿದ್ದ ಮರುದಿನದ ನೀಲಿ ಆಕಾಶ. ಮೋಡ ಹರಿದು ಬಿಸಿಲು ಬಂದಿತೆಂದು ಎಲ್ಲರೂ ಹೊರಡುವ ಆ ಮೊದಲ ದಿನವೇ ಹೊಸ ಹಿಮ ಮೊದಲ ಬಾರಿಗೆ ಬಿಸಿಲು ಕುಡಿದು ಸಡಿಲಾಗುವ ದಿನ. ಹಿಮದ ಮೇಲೆ ಮಳೆ ಬಿದ್ದರಂತೂ ಯೋಚಿಸುವುದೇ ಬೇಡ, ವಾಪಸು ಬನ್ನಿ.

ಇಲ್ಲಿಯೇ ರೈಲಿನ ಟಿಕೇಟಿನ ವಿಚಾರ ಬರುತ್ತದೆ. ಪುಣೆಯಿಂದ ಝೇಲಂನಲ್ಲೋ, ವಾಸ್ಕೋದಿಂದ ಗೋವಾ ಎಕ್ಸ್‌ಪ್ರೆಸ್‌ನಲ್ಲೋ ಉತ್ತರಕ್ಕೆ ಹೋಗಿ, ಹಿಂದಿರುಗುವ ಟಿಕೇಟನ್ನು ಚಾರಣದ ಕೊನೆಯ ದಿನಕ್ಕೆ ಅಂಟಿಸಿ ಕಾದಿರಿಸಿದರೆ, ಬೆಟ್ಟದಲ್ಲಿ ಒಂದು ದಿನ ಕಾಯಬೇಕಾದಾಗ ತೀರ್ಮಾನ ಮಾಡುವುದು ನೀವಲ್ಲ, ಆ ಟಿಕೇಟು. ನನ್ನ ಮಟ್ಟಿಗೆ ಬಿಡುವಿನ ಎರಡು ದಿನ ಎಂಬುದು ಹಿಮಕೊಡಲಿಗಿಂತ ದೊಡ್ಡ ಸಲಕರಣೆ.

ನಾಲ್ಕನೆಯ ಹೆಜ್ಜೆ: ಸಲಕರಣೆ, ಮತ್ತು ಅದರ ಅಭ್ಯಾಸ

ಹಿಮಕುಸಿತದ ಜಾಗಕ್ಕೆ ಹೋಗುವ ಪ್ರತಿಯೊಬ್ಬರ ಮೈಮೇಲೆ ಮೂರು ವಸ್ತು ಇರಬೇಕು: 457 ಕಿಲೋಹರ್ಟ್ಸ್ ತರಂಗದಲ್ಲಿ ಸಂಕೇತ ಕಳಿಸುವ, ಹೂತವರ ಸಂಕೇತವನ್ನು ಹುಡುಕಲೂ ಬರುವ ಬೀಕನ್, ಹಿಮದೊಳಕ್ಕೆ ಚುಚ್ಚಿ ಹೂತವರನ್ನು ಪತ್ತೆಮಾಡಲು ಮಡಚಿಟ್ಟು ಬಿಚ್ಚುವ, ಎರಡೂವರೆ ಮೀಟರಿಗೂ ಉದ್ದನೆಯ ಪ್ರೋಬ್ ಕೋಲು, ಲೋಹದ ಸಲಿಕೆ. ಒಂದು ಬಿಟ್ಟು ಇನ್ನೆರಡಿದ್ದರೆ ಪ್ರಯೋಜನವಿಲ್ಲ. ಚಾರಣದ ಕಂಪನಿಗೆ ದುಡ್ಡು ಕಟ್ಟುವ ಮೊದಲೇ ಇವು ಸಿಗುತ್ತವೆಯೇ ಎಂದು ಕೇಳಿ. ಇಲ್ಲವೆಂದರೆ ಎರಡನೆಯ ಹೆಜ್ಜೆಯಲ್ಲಿ ಗೀಟು ಹಾಕಿದ ಜಾಗಗಳಿಲ್ಲದ ದಾರಿಯನ್ನು ಆರಿಸಿಕೊಳ್ಳಿ. ಸೂಕ್ಷ್ಮವಾದ ಒಂದು ಮಾತು: ಮೊಬೈಲು ಬೀಕನ್ನಿನ ಸಂಕೇತವನ್ನು ಕೆಡಿಸುತ್ತದೆ. ಬೀಕನ್ ಸಂಕೇತ ಕಳಿಸುತ್ತಿರುವಾಗ ಮೊಬೈಲು ಕನಿಷ್ಠ 20 ಸೆಂಟಿಮೀಟರ್ ದೂರದಲ್ಲಿ, ಹುಡುಕುವಾಗ ಅರ್ಧ ಮೀಟರಿನಾಚೆ ಅಥವಾ ಆರಿಸಿ ಇಡಬೇಕು. ಎದೆಯ ಜೇಬಿನಲ್ಲಿ ಎರಡನ್ನೂ ಒಟ್ಟಿಗೆ ತುರುಕಬಾರದು.

ಅಭ್ಯಾಸಕ್ಕೆ ಹಿಮವೇ ಬೇಕಿಲ್ಲ. ವಾಸ್ಕೋದಲ್ಲಿರುವ ತಂಗಿಯ ಮನೆಗೆ ಹೋದಾಗ ಬೋಗ್ಮಾಳೋ ಕಡಲತೀರದಲ್ಲಿ ಎರವಲು ತಂದ ಬೀಕನ್ನನ್ನು ಡಬ್ಬಿಯಲ್ಲಿಟ್ಟು ಮರಳಿನಲ್ಲಿ ಹೂತು, ಭಾವನ ಕೈಯಲ್ಲಿ ಗಡಿಯಾರ ಕೊಟ್ಟು ಹುಡುಕಿದೆ. ಮೊದಲ ಸಲ ಹನ್ನೊಂದು ನಿಮಿಷ, ನಾಲ್ಕನೆಯ ಸಲ ಮೂರೂವರೆ ನಿಮಿಷ. ಮೊದಲ ಸಲ ತಪ್ಪಿದ್ದೆಲ್ಲಿ ಎಂದರೆ, ಬೀಕನ್ ತೋರಿಸುವ ದೂರದ ಅಂಕೆ ಮೂರಕ್ಕಿಂತ ಕೆಳಗಿಳಿದ ಮೇಲೂ ನಾನು ನಿಂತೇ ಓಡಾಡುತ್ತಿದ್ದೆ. ಅಲ್ಲಿ ಮಂಡಿಯೂರಿ, ಉಪಕರಣವನ್ನು ನೆಲಕ್ಕೆ ತಾಗಿಸಿ, ಅದರ ಮುಖ ತಿರುಗಿಸದೆ ಶಿಲುಬೆಯಾಕಾರದಲ್ಲಿ ಮೆಲ್ಲಗೆ ಸರಿಸಬೇಕು. ತರಬೇತಿ ಬೇಕೆನ್ನುವವರಿಗೆ ಪುಣೆಯಲ್ಲೇ ಗಿರಿಪ್ರೇಮಿ ಬಳಗದ ಪರ್ವತಾರೋಹಣ ಸಂಸ್ಥೆಯಿದೆ. ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗ್‌ಗಳ ಸಂಸ್ಥೆಗಳ ಮೂಲ ಕೋರ್ಸು ಇನ್ನೂ ಒಳ್ಳೆಯದು.

ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಉಪಕರಣಗಳನ್ನು ಯಾರಾದರೂ ವಿದೇಶದಿಂದ ತಂದುಕೊಟ್ಟರೆ ಒಯ್ಯಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವನ್ನು ಭಾರತದಲ್ಲಿ ಬಳಸುವಂತಿಲ್ಲ.

ಐದನೆಯ ಹೆಜ್ಜೆ: ರಾತ್ರಿಯ ಆಕಾಶ

ನಾಳೆ ಬೆಳಗಿನ ಹಿಮ ಹೇಗಿರುತ್ತದೆ ಎಂಬುದನ್ನು ಇವತ್ತಿನ ರಾತ್ರಿ ನಿರ್ಧರಿಸುತ್ತದೆ. ಆಕಾಶ ನಿಚ್ಚಳವಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನು ಬಾನಿಗೆ ಬಿಟ್ಟುಕೊಟ್ಟು, ಗಾಳಿ ಸೊನ್ನೆಗಿಂತ ತುಸು ಮೇಲಿದ್ದರೂ, ತಾನು ಸೊನ್ನೆಗಿಂತ ಕೆಳಗಿಳಿದು ಹೆಪ್ಪುಗಟ್ಟುತ್ತದೆ. ಮೋಡ ಕವಿದರೆ ಅದೇ ಕಂಬಳಿ ಹೊದ್ದ ಹಾಗೆ: ಶಾಖ ಒಳಗೇ ಉಳಿದು, ಹಿಂದಿನ ಮಧ್ಯಾಹ್ನದ ಒದ್ದೆ ಹಿಮ ಬೆಳಗಾದರೂ ಒದ್ದೆಯಾಗಿಯೇ ಇರುತ್ತದೆ. ಮಲಗುವ ಮುಂಚೆ ಒಮ್ಮೆ, ಎರಡು ಗಂಟೆಗೆ ಎದ್ದಾಗ ಇನ್ನೊಮ್ಮೆ ಟೆಂಟಿನಿಂದ ತಲೆ ಹೊರಹಾಕಿ ನಕ್ಷತ್ರಗಳಿವೆಯೇ ನೋಡಿ. ಎರಡೂ ಸಲ ನಕ್ಷತ್ರ ಕಂಡರೆ ಹೊರಡಿ. ಕಾಣದಿದ್ದರೆ, ಹೊರಗೆ ಹಿಮದ ಮೇಲೆ ಬೂಟಿನ ಹಿಮ್ಮಡಿಯಿಂದ ಒದ್ದು ನೋಡಿ. ತೆಳ್ಳನೆಯ ಹಪ್ಪಳದಂಥ ಪೊರೆ ಮುರಿದು ಕಾಲು ಒಳಗಿಳಿದರೆ ಅಂದಿನ ಶಿಖರದ ಮಾತು ಮುಗಿಯಿತು.

ಆರನೆಯ ಹೆಜ್ಜೆ: ಮೂರರಿಂದ ಹನ್ನೊಂದರವರೆಗೆ

ಮಾರ್ಚ್ ಕೊನೆಯಲ್ಲಿ ಉತ್ತರಾಖಂಡದ ಗಢವಾಲದಲ್ಲಿ ಸೂರ್ಯ ಪುಣೆಗಿಂತ ಸುಮಾರು ಇಪ್ಪತ್ತು ನಿಮಿಷ ಮೊದಲು ಹುಟ್ಟುತ್ತಾನೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಹುಟ್ಟಿದ ಗಳಿಗೆಯಿಂದಲೇ ಕಾಯತೊಡಗುತ್ತದೆ, ದಕ್ಷಿಣದ್ದು ನಡುಹಗಲಿಗೆ, ಪಶ್ಚಿಮದ್ದು ಮಧ್ಯಾಹ್ನದ ಮೇಲೆ. ಹಾಗಾಗಿ ಒಂದೇ ಚಾರಣದಲ್ಲಿ ‘ಹನ್ನೊಂದಕ್ಕೆ ವಾಪಸು’ ಎಂಬ ಒಂದೇ ನಿಯಮ ಸಾಲದು: ಪೂರ್ವದ ಇಳಿಜಾರನ್ನು ಇಳಿಯುವುದಿದ್ದರೆ ಒಂಬತ್ತಕ್ಕೇ ಅದನ್ನು ದಾಟಿರಬೇಕು.

ಕೆಲವು ವರ್ಷಗಳ ಹಿಂದೆ ಉತ್ತರಾಖಂಡದಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲಾದ ಒಂದು ಬುಗ್ಯಾಲ್‌ನ ಮೇಲಿನ ಶಿಖರಕ್ಕೆ ನಾವು ಹನ್ನೆರಡು ಮಂದಿ ಹೋಗಿದ್ದೆವು. ಗೈಡ್ ಮೂರಕ್ಕೆ ಹೊರಡೋಣವೆಂದಿದ್ದ. ಕಂಪನಿಯ ಮುಖಂಡ ಎಲ್ಲರಿಗೂ ಬಿಸಿ ತಿಂಡಿಯಾಗಲೆಂದು ಆರೂವರೆಗೆ ಹೊರಡಿಸಿದ. ಒಂಬತ್ತರ ಹೊತ್ತಿಗೆ ಪಾದ ಮುಳುಗುತ್ತಿತ್ತು, ಹತ್ತಕ್ಕೆ ಕಣಕಾಲು. ಹತ್ತೂವರೆಗೆ ಬಂಡೆಯೊಂದರ ಬುಡದಿಂದ ಅಡಿಕೆ ಗಾತ್ರದ ಹಿಮದ ಉಂಡೆಯೊಂದು ಕಳಚಿ, ಉರುಳುತ್ತ, ಸುತ್ತಿಕೊಳ್ಳುತ್ತ ನನ್ನ ಮುಂದೆ ಹಾದುಹೋಯಿತು. ಕೆಳಗೆ ಮುಟ್ಟುವಾಗ ಅದು ಬೈಕಿನ ಚಕ್ರದಷ್ಟಾಗಿತ್ತು. “ಭೈಜಿ, ಇದೇನು?” ಎಂದು ನಾನು ಕೇಳಿದೆ. ಗೈಡ್ ಉತ್ತರ ಕೊಡಲಿಲ್ಲ, ಕೋಲು ತಿರುಗಿಸಿ ಇಳಿಯತೊಡಗಿದ. ಶಿಖರ ಇನ್ನೂರು ಮೀಟರ್ ಮೇಲಿತ್ತು. ಒಂದಿಬ್ಬರು ಗೊಣಗಿದರು. ಟೆಂಟಿಗೆ ಬಂದು ಚಹಾ ಕುಡಿಯುತ್ತಿದ್ದಾಗ ಎದುರಿನ ಇಳಿಜಾರು ಲಾರಿಯಿಂದ ಜಲ್ಲಿ ಸುರಿದಂಥ ಸದ್ದಿನೊಂದಿಗೆ ಜಾರಿತು.

ಆ ಉಂಡೆಯೇ ಮೊದಲ ಸೂಚನೆ. ಕಾಲು ಕಣಕಾಲಿನ ಮೇಲಕ್ಕೆ ಹೂತುಹೋಗುವುದು, ಆಸುಪಾಸಿನಲ್ಲಿ ಹೊಸ ಕುಸಿತದ ಗುರುತು ಕಾಣುವುದು, ಹೆಜ್ಜೆಯಿಟ್ಟಾಗ ಕಾಲಡಿಯಲ್ಲಿ ‘ಧುಂ’ ಎಂಬ ಟೊಳ್ಳು ಸದ್ದಾಗುವುದು, ಬೂಟಿನ ಮುಂದೆ ಗಾಜಿನಲ್ಲಿ ಓಡಿದಂತೆ ಬಿರುಕು ಓಡುವುದು, ಇವುಗಳಲ್ಲಿ ಯಾವ ಒಂದು ಕಂಡರೂ ಬಂದ ದಾರಿಯಲ್ಲೇ ತಿರುಗಬೇಕು. ಟೊಳ್ಳು ಸದ್ದು ಎಂದರೆ ಸಕ್ಕರೆಯ ಪದರ ಕೆಳಗೆ ಕುಸಿದಿದೆ, ಇಳಿಜಾರು ಸಾಲದ್ದರಿಂದ ನೀವು ಉಳಿದಿದ್ದೀರಿ ಎಂದು ತಿಳಿಯಿರಿ. ಬುಗ್ಯಾಲ್‌ಗಳ ನುಣುಪು ಹುಲ್ಲಿನ ಮೇಲೆ ಹಿಮ ಇಡಿಯಾಗಿ ತೆವಳಿ, ಮೀನು ಬಾಯಿ ತೆರೆದಂಥ ಕಮಾನು ಬಿರುಕುಗಳು ಮೂಡುವುದುಂಟು. ಅವು ಯಾವಾಗ ಬೀಳುತ್ತವೆ ಎಂದು ಹೇಳಲಾಗದು, ಅವುಗಳ ಕೆಳಗೆ ನಿಲ್ಲದಿದ್ದರಾಯಿತು.

ಬೆಳಗಿನ ಗಟ್ಟಿ ಹಿಮಕ್ಕೂ ಅದರದೇ ಕಂಟಕವಿದೆ. ಕುಸಿಯದ ಆ ಹಿಮದ ಮೇಲೆ ಜಾರಿದ ಮನುಷ್ಯ ನಿಲ್ಲುವುದಿಲ್ಲ. ಚಾರಣದ ಕಂಪನಿಗಳು ಕೊಡುವ ಸರಪಳಿಯಂಥ ಮೈಕ್ರೋಸ್ಪೈಕ್ ಹದವಾದ ಓರೆಗೆ ಸಾಕು, ಮೆಟ್ಟಿಲಿನ ಓರೆಗೆ ಸಾಲದು. ಇಳಿಯುವಾಗ ಕುಳಿತು ಜಾರುವ ಆಟ ಎಲ್ಲ ವಿಡಿಯೋಗಳಲ್ಲೂ ಕಾಣುತ್ತದೆ. ಕೊನೆಯಲ್ಲಿ ಬಂಡೆಯೋ ಹೊಳೆಯೋ ಇಲ್ಲವೆಂದು ಕಣ್ಣಾರೆ ಕಂಡ ಹೊರತು ಆಡಬೇಡಿ. ಹೊಳೆಗಳ ಮೇಲಿನ ಹಿಮದ ಸೇತುವೆಯನ್ನು ಬೆಳಗ್ಗೆಯೇ ದಾಟಬೇಕು. ಬಿಸಿಲಿಗೆ ಕಾದ ಬಂಡೆ, ಮರಗಳ ಬುಡದಲ್ಲಿ ಹಿಮ ಟೊಳ್ಳಾಗಿರುತ್ತದೆ. ಮೂರಡಿ ದೂರ ಸರಿದು ನಡೆಯಿರಿ.

ಏಳನೆಯ ಹೆಜ್ಜೆ: ದಾಟಲೇಬೇಕಾದ ಇಳಿಜಾರು

ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ದಾಟುವವರ ಮೇಲೆ ಕಣ್ಣಿಟ್ಟಿರಬೇಕು. ಕೋಲಿನ ಪಟ್ಟಿಯಿಂದ ಮಣಿಕಟ್ಟು ಬಿಡಿಸಿ, ಚೀಲದ ಸೊಂಟಪಟ್ಟಿ ಸಡಿಲಿಸಿ. ಮಾತು, ಫೋಟೋ, ನಡುವೆ ನಿಲ್ಲುವುದು ಬೇಡ. ನಮ್ಮವರಿಗೆ ಸಾಲಾಗಿ ಒತ್ತೊತ್ತಿ ನಡೆಯುವುದು ರೂಢಿ, ಮುಂದಿನವರ ಹೆಜ್ಜೆಯಲ್ಲೇ ಹೆಜ್ಜೆಯಿಡುವುದು ಸುಲಭ; ಹತ್ತು ಮಂದಿಯ ತೂಕ ಒಂದೇ ಸ್ಲ್ಯಾಬಿನ ಮೇಲೆ ಬೀಳುವುದು ಹೀಗೆಯೇ.

ಎಂಟನೆಯ ಹೆಜ್ಜೆ: ಕುಸಿತವಾದರೆ

ಸಿಕ್ಕಿಕೊಂಡವರು ಜೋರಾಗಿ ಕೂಗಿ, ಕೋಲು ಬಿಸಾಡಿ, ಹರಿವಿನ ಪಕ್ಕಕ್ಕೆ ಹೊರಳಲು ಹೋರಾಡಬೇಕು. ವೇಗ ತಗ್ಗುತ್ತಿದೆ ಎನಿಸಿದ ಕೂಡಲೇ ಎರಡೂ ಕೈಗಳನ್ನು ಮುಖದ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ಹಿಮ ನಿಂತ ಮೇಲೆ ಬೆರಳೂ ಅಲ್ಲಾಡದು.

ಸಿಯಾಚಿನ್ ಎಂದರೆ ಕನ್ನಡಿಗರಿಗೆ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ನೆನಪಾಗುತ್ತಾರೆ. 2016ರ ಫೆಬ್ರವರಿ 3ರಂದು ಸೋನಂ ಠಾಣೆಯ ಮೇಲಾದ ಕುಸಿತದಲ್ಲಿ ಹತ್ತು ಯೋಧರು ಹೂತುಹೋದರು. ಆರು ದಿನಗಳ ಬಳಿಕ ಅವರೊಬ್ಬರೇ ಜೀವಂತವಾಗಿ ಸಿಕ್ಕು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಅವರು ಟೆಂಟಿನೊಳಗಿದ್ದರು, ಉಸಿರಿಗೆ ಗಾಳಿಯ ತೆರಪಿತ್ತು. ಬಯಲಿನಲ್ಲಿ ಹೂತವರ ಲೆಕ್ಕವೇ ಬೇರೆ: ಮೊದಲ ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು. ಹೆಲಿಕಾಪ್ಟರ್ ಬರುವುದು ಗಂಟೆಗಳ ಮಾತಾದ್ದರಿಂದ, ಬದುಕಿಸುವವರು ಪಕ್ಕದಲ್ಲಿ ನಿಂತಿರುವವರೇ.

ಕೊನೆಯದಾಗಿ ಕಂಡ ಬಿಂದುವನ್ನು ಕಣ್ಣಿನಲ್ಲಿ ಹಿಡಿದುಕೊಂಡು, ಮತ್ತೊಂದು ಕುಸಿತ ಬರುವಂತಿದೆಯೇ ಎಂದು ಮೇಲೆ ನೋಡಿ, ಉಳಿದ ಎಲ್ಲರ ಬೀಕನ್ ಹುಡುಕುವ ಸ್ಥಿತಿಗೆ ಬಂದಿದೆಯೆಂದು ಖಚಿತ ಮಾಡಿಕೊಂಡು, ಆ ಬಿಂದುವಿನಿಂದ ಕೆಳಕ್ಕೆ ಹುಡುಕುತ್ತ ಹೋಗಬೇಕು. ಹಿಮದ ಮೇಲೆ ಕೈಗವಸೋ ಟೊಪ್ಪಿಯೋ ಕಂಡರೆ ಅಲ್ಲಿ ಎಳೆದು ನೋಡಿ. ಅಂಕೆ ಅತಿ ಕಡಿಮೆಯಾದಲ್ಲಿ ಪ್ರೋಬ್ ಕೋಲನ್ನು ಇಳಿಜಾರಿಗೆ ಲಂಬವಾಗಿ ಚುಚ್ಚಿ, ತಾಗದಿದ್ದರೆ ಗೇಣಿನಷ್ಟು ಬಿಟ್ಟು ಸುರುಳಿಯಾಗಿ ಚುಚ್ಚುತ್ತ ಹೋಗಿ. ತಾಗಿದ ಕೋಲನ್ನು ಕೀಳಬೇಡಿ. ಅಗೆಯುವುದು ಕೋಲಿನ ನೆತ್ತಿಯಿಂದಲ್ಲ. ಹೂತ ಆಳದ ಒಂದೂವರೆ ಪಟ್ಟು ಇಳಿಜಾರಿನ ಕೆಳಕ್ಕೆ ಸರಿದು, ಅಡ್ಡಲಾಗಿ ಒಳಕ್ಕೆ ಕೊರೆಯಿರಿ. ಮೇಲೆ ನಿಂತು ಅಗೆದರೆ ಕೆಳಗಿನವರ ಉಸಿರಿನ ತೆರಪು ಕುಸಿಯುತ್ತದೆ. ಮೊದಲು ಮುಖ ಬಿಡಿಸಿ ಬಾಯಿ, ಮೂಗಿನ ಹಿಮ ತೆಗೆಯಿರಿ. ಉಸಿರಿಲ್ಲದಿದ್ದರೆ ಎದೆ ಒತ್ತುವುದೊಂದೇ ಸಾಲದು, ಬಾಯಿಂದ ಉಸಿರನ್ನೂ ಊದಬೇಕು, ಏಕೆಂದರೆ ಅವರು ಕಟ್ಟಿದ ಉಸಿರಿನಿಂದ ನಿಂತವರು. ಉಸಿರಿದ್ದರೆ ಅಲುಗಿಸದೆ, ಮಲಗಿದ ಸ್ಥಿತಿಯಲ್ಲೇ ಹೊರತೆಗೆದು, ಒಣಬಟ್ಟೆ ಸುತ್ತಿ, ಕೆಳಗೆ ಮ್ಯಾಟ್ ಹಾಸಿ.

112ಕ್ಕೆ ಕರೆ ಮಾಡಲು ನೆಟ್‌ವರ್ಕ್ ಇದ್ದಲ್ಲೇ ಒಬ್ಬರು ಮಾಡಲಿ. ನೆಟ್‌ವರ್ಕ್ ಇಲ್ಲದೆ, ನಿಮ್ಮಲ್ಲಿ ಮೂವರೋ ನಾಲ್ವರೋ ಮಾತ್ರ ಉಳಿದಿದ್ದರೆ, ಯಾರನ್ನೂ ಏಣಿನ ಮೇಲಕ್ಕೆ ಓಡಿಸಬೇಡಿ. ಮೊದಲ ಅರ್ಧ ಗಂಟೆ ಎಲ್ಲರ ಕೈಯಲ್ಲೂ ಸಲಿಕೆ ಇರಲಿ.